ಸಹಿ ಹಾಕದ ಬೆಲೆ

ಬಾಗಿಲು ತೆರೆದವನು ಅವಳನ್ನು ಮನೆ ಕೊಳ್ಳಲು ಬಂದವಳು ಎಂದುಕೊಂಡ. ಎಡವಟ್ಟು ಅಲ್ಲಿಂದಲೇ ಶುರುವಾಯಿತು.

“ಈ ಮನೆ ನಿಮಗೆ ಬೇಡ ಬಿಡಿ. ಗೋಡೆ ಒದ್ದೆ, ಮೆಟ್ಟಿಲು ಕಿರುಗುಟ್ಟುತ್ತೆ, ಇಲಿಗಳೂ ಇದಾವೆ,” ಎಂದ ಒಂದೇ ಉಸಿರಿಗೆ.

“ಇಲಿಗಳನ್ನೂ ಲೆಕ್ಕಕ್ಕೆ ತಗೋತೀನಿ,” ಎಂದಳು ಅವಳು, ಚೀಲದಿಂದ ಅಳತೆಯ ಟೇಪು ತೆಗೆಯುತ್ತ. “ನಾನು ಕೊಳ್ಳೋಕೆ ಬಂದಿಲ್ಲ, ಬೆಲೆ ಕಟ್ಟೋಕೆ ಬಂದಿರೋದು. ನಿಮ್ಮಕ್ಕ ಫೋನ್ ಮಾಡಿದ್ರಲ್ಲ, ಆ ವ್ಯಾಲ್ಯುಯರ್.”

ಅವನ ಕಿವಿ ಕೆಂಪಾಯಿತು. ನಲವತ್ತು ದಾಟಿದ ಗಂಡಸು ಹಾಗೆ ನಾಚಿದ್ದನ್ನು ಅವಳು ನೋಡಿಯೇ ಇರಲಿಲ್ಲ. ನಗು ತಡೆಯಲು ಗೋಡೆಯ ಕಡೆ ತಿರುಗಿದಳು.

ಅವನು ಪಿಟೀಲು ರಿಪೇರಿ ಮಾಡುವವನು. ಕೆಳಗಿನ ಕೋಣೆಯೇ ಅವನ ಕಾರ್ಖಾನೆ. ಮನೆ ಅಕ್ಕ ತಮ್ಮ ಇಬ್ಬರದ್ದು. ಅಕ್ಕನ ಗಂಡನ ಅಂಗಡಿ ಮುಚ್ಚಿತ್ತು, ಅವಳಿಗೆ ತನ್ನ ಪಾಲು ಹಣವಾಗಿ ಬೇಕಿತ್ತು. ಬೆಲೆ ಒಂದು ಮಟ್ಟದೊಳಗೆ ನಿಂತರೆ ತಮ್ಮ ಆ ಪಾಲು ಕೊಟ್ಟು ಮನೆ ಉಳಿಸಿಕೊಳ್ಳಬಹುದು, ಮೀರಿದರೆ ಮಾರಲೇಬೇಕು. ಮೊದಲು ಬ್ರೋಕರ್ ಕರೆತಂದವನೊಬ್ಬ ಕಾರಿನಿಂದ ಇಳಿಯದೆಯೇ ಬೆಲೆ ಹೇಳಿ ಹೋಗಿದ್ದ. ಈ ಸಲ ಲೈಸೆನ್ಸ್ ಇರುವವರೇ ಬೇಕು, ಯಾರ ಕಡೆಯವರೂ ಆಗಿರಬಾರದು ಎಂದು ಅಕ್ಕ ಪಟ್ಟು ಹಿಡಿದಿದ್ದಳು.

ಟೇಪಿನ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು.

“ಬೆಲೆ ಹೇಗೆ ಕಟ್ತೀರಿ? ನೋಡಿದ ಕೂಡಲೇ ಗೊತ್ತಾಗಿಬಿಡುತ್ತಾ?”

“ನೋಡಿದ ಕೂಡಲೇ ಅನ್ಸೋದನ್ನ ನಂಬಬಾರದು ಅಂತಲೇ ನಮಗೆ ಕಲಿಸೋದು. ಈ ಬೀದೀಲಿ ಇತ್ತೀಚೆಗೆ ಮಾರಾಟವಾದ ಇಂಥದ್ದೇ ಮನೆಗಳನ್ನ ಹುಡುಕ್ತೀನಿ. ಅವಕ್ಕಿಂತ ಇದು ಎಲ್ಲಿ ಮೇಲು, ಎಲ್ಲಿ ಕಮ್ಮಿ ಅಂತ ಕೂಡಿ ಕಳೀತೀನಿ.”

“ಮನೆಯವನ ಸ್ವಭಾವಕ್ಕೆ ಏನಾದ್ರೂ ಕೂಡಿಸ್ತೀರಾ?”

“ಕಳೀತೀನಿ.”

ಅವನು ತಲೆ ಹಿಂದಕ್ಕೆಸೆದು ನಕ್ಕ. ಅವನ ರೆಪ್ಪೆಯ ಮೇಲೆ ಮರದ ಪುಡಿ ಕೂತಿತ್ತು. ಅದನ್ನು ಒರೆಸಬೇಕೆನ್ನಿಸಿ ಅವಳು ಟೇಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಎರಡನೇ ಸಲ ಒದ್ದೆ ಗೋಡೆ ಪರೀಕ್ಷಿಸಲು ಬಂದಳು. ಒಡೆದದ್ದು ಪೈಪು ಮಾತ್ರ, ಸಣ್ಣ ರಿಪೇರಿ ಎಂದು ತಾನೇ ಹೇಳಿದಳು. ಅವನು ಟೀ ಮಾಡಿ ಕೊಟ್ಟ, ಅದು ಬಾಯಿಗಿಡುವ ಹಾಗಿರಲಿಲ್ಲ, ಅವಳು ಎರಡು ಲೋಟ ಕುಡಿದಳು. ಮೂರನೇ ಸಲ ಮೊದಲೇ ಅಳೆದಿದ್ದ ಕೋಣೆಯನ್ನು ಮತ್ತೆ ಅಳೆಯಲು ಬಂದಳು. ಅದು ಇಬ್ಬರಿಗೂ ಗೊತ್ತಿತ್ತು. ಅವನು ಏನೂ ಕೇಳದೆ ಟೇಪಿನ ತುದಿ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಒಬ್ಬಳೇ ಊರೆಲ್ಲ ಸುತ್ತಿ ಊರಿನ ಗೋಡೆಗಳನ್ನು ನೋಡಿದವಳಿಗೆ, ತನ್ನನ್ನೂ ಒಬ್ಬರು ನೋಡುವುದು ಎಷ್ಟು ಸುಖ ಎಂದು ಗೊತ್ತೇ ಇರಲಿಲ್ಲ.

ವರದಿ ಬರೆದು ಮುಗಿಸಿದಾಗ ಬೆಲೆ ಸರಿಯಾಗಿ ಅವನ ಕೈಗೆಟಕುವಷ್ಟೇ ಬಂದಿತ್ತು. ಅವಳಿಗೆ ಖುಷಿಯಾಯಿತು. ಆ ಖುಷಿಯೇ ಅವಳನ್ನು ಹೆದರಿಸಿತು. ಮೊದಲಿನಿಂದ ತಿರುವಿ ನೋಡಿದಳು. ಹೋಲಿಕೆಗೆ ಚರಂಡಿ ಪಕ್ಕದ ಮನೆಯನ್ನು ತೆಗೆದುಕೊಂಡಿದ್ದಳು, ಒಳ್ಳೆಯ ಬೆಲೆಗೆ ಹೋದ ಎದುರು ಮನೆಯನ್ನು ಬಿಟ್ಟಿದ್ದಳು. ಸಣ್ಣ ರಿಪೇರಿ ಎಂದ ಗೋಡೆಗೆ ದೊಡ್ಡ ಕಡಿತ ಹಾಕಿದ್ದಳು. ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿ ಅವನ ಕಡೆ ವಾಲಿತ್ತು.

ತಿದ್ದಬಹುದಿತ್ತು. ಆದರೆ ತಿದ್ದುವ ಕೈಯೂ ಅದೇ ತಾನೇ?

ಮಾರನೇ ದಿನ ಅಕ್ಕ ತಮ್ಮ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದಳು. “ನಾನು ಸಹಿ ಹಾಕೋಕಾಗಲ್ಲ. ಬೆಲೆ ಕಟ್ಟೋರಿಗೆ ಯಾರ ಮೇಲೂ ಒಲವಿರಬಾರದು. ನನಗಿದೆ.”

“ಯಾರ ಮೇಲೆ?” ಎಂದಳು ಅಕ್ಕ. ಆಮೇಲೆ ತಮ್ಮನ ಕೆಂಪಾದ ಕಿವಿ ನೋಡಿದಳು.

“ಬೇರೆಯವರನ್ನ ಕರೀರಿ,” ಎಂದಳು ಅವಳು, ವರದಿಯನ್ನು ಚೀಲಕ್ಕೆ ಸೇರಿಸುತ್ತ. “ಲೈಸೆನ್ಸ್ ಕೇಳಿ ನೋಡಿ. ಈ ಬಡಾವಣೆ ಗೊತ್ತಿರೋರಾಗಿರಲಿ, ಮನೆ ಒಳಗೆ ಬಂದು ನೋಡೋರಾಗಿರಲಿ. ಬ್ರೋಕರ್ ಕಡೆಯವರು ಬೇಡ.” ಕೊನೆಯದನ್ನು ಅವನ ಕಡೆ ನೋಡದೆ ಹೇಳಿದಳು. “ನಿಮ್ಮ ಟೀ ಚೆನ್ನಾಗಿದೆ ಅನ್ನೋರಂತೂ ಬೇಡವೇ ಬೇಡ.”

ಯಾರೂ ನಗಲಿಲ್ಲ.

ಹೊಸದಾಗಿ ಬಂದವರು ಎದುರು ಮನೆಯನ್ನು ಬಿಡಲಿಲ್ಲ. ಬೆಲೆ ಅವನ ಕೈ ಮೀರಿತು, ಮನೆ ಮಾರಾಟವಾಯಿತು. ದೂರದ ಊರಿನ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಹೊರಡುವ ದಿನ ಅವನೇ ಫೋನ್ ಮಾಡಿ ಕರೆದ.

ಖಾಲಿ ಕೋಣೆಯಲ್ಲಿ ಇಬ್ಬರ ಮಾತೂ ದೊಡ್ಡದಾಗಿ ಕೇಳಿಸುತ್ತಿತ್ತು.

“ನೀವು ಮೊದಲು ಎಷ್ಟು ಬರೆದಿದ್ರಿ?”

“ನಿಮಗೆ ಮನೆ ಉಳಿಯೋವಷ್ಟು.”

ಅವನು ಕಿಟಕಿಯ ಕಡೆ ತಿರುಗಿದ. “ಬಾಯಿ ಮುಚ್ಕೊಂಡು ಸಹಿ ಹಾಕಿದ್ದಿದ್ರೆ ಮನೆನೂ ಇರ್ತಿತ್ತು, ನೀವೂ ಇರ್ತಿದ್ರಿ.”

“ನಿಮ್ಮಕ್ಕ ಊಟಕ್ಕೆ ಬಂದಾಗೆಲ್ಲ ನಾನು ತಲೆ ತಗ್ಗಿಸ್ಕೊಂಡು ಬಡಿಸಬೇಕಾಗ್ತಿತ್ತು.”

“ನೀವು ಮಾಡಿದ್ದು ಸರಿ. ನನಗೆ ಗೊತ್ತು ರೀ. ಗೊತ್ತಿದ್ದೂ ಹೊಟ್ಟೆ ಉರೀತಿದೆ. ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಪ್ರೀತಿ ಇಲ್ಲ ಅಂದ್ರೆ ಅದೂ ಸುಳ್ಳೇ.”

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಬಂದದ್ದು ಹೀಗೆ, ಕಹಿ ಸವರಿಕೊಂಡು. ಆದರೂ ಕೇಳಿದಳು. “ಎರಡರಲ್ಲಿ ಯಾವುದು ಹೆಚ್ಚು?”

ಸುಳ್ಳು ಹೇಳಿ ಸಮಾಧಾನ ಮಾಡುವ ಜಾಯಮಾನ ಅವನದಲ್ಲ. ಅವಳು ಅವನನ್ನು ಮೆಚ್ಚಿದ್ದೂ ಅದಕ್ಕೇ.

“ಇವತ್ತು ಕೋಪ,” ಎಂದ.

ಅವಳು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು, ಮರೆಮಾಡಲು ಹೋಗಲಿಲ್ಲ. “ನಾವು ಕಟ್ಟೋ ಬೆಲೆ ಆ ತಾರೀಖಿಗೆ ಮಾತ್ರ. ಮುಂದೆ ಅದೇ ಮನೆಯನ್ನ ಮತ್ತೆ ಹೋಗಿ ನೋಡಬೇಕು. ಇನ್ನೊಂದು ದಿನ ಬಂದು ಕೇಳಲಾ?”

ಹೊರಗೆ ಲಾರಿಯವನು ಹಾರ್ನ್ ಒತ್ತಿದ. ಅವನು ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವಳ ಕೆನ್ನೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿ, ಮೆಟ್ಟಿಲಿಳಿದು ಹೋದ.

ಲಾರಿಯ ಸದ್ದು ಅಡಗಿದ ಮೇಲೆ, ಇನ್ಯಾರದೋ ಆಗಿದ್ದ ಆ ಮನೆಯ ಮೆಟ್ಟಿಲ ಮೇಲೆ ಕೂತು ಅವಳು ಮನಸಾರೆ ಅತ್ತಳು.