ಸೀಲ್ ಒಡೆದ ಮದರ್‌ಬೋರ್ಡ್

"ತಮ್ಮನಿಗಾ ಮೇಡಂ? ಕಾಲೇಜಿಗೆ ಹೋಗ್ತಾನಾ?"

ಕೌಂಟರಿನ ಆಚೆಯಿಂದ ಬಂದ ಆ ಪ್ರಶ್ನೆಗೆ ಮೋಕ್ಷಾಳ ಕಿವಿಯೆರಡೂ ಬಿಸಿಯಾದವು.

"ತಮ್ಮನಿಗಲ್ಲ. ನನಗೆ!"

ಸ್ವರ ಅವಳೆಣಿಸಿದ್ದಕ್ಕಿಂತ ಜೋರಾಗಿಯೇ ಹೊರಟಿತ್ತು. ಹಂಪನಕಟ್ಟೆಯ ಆ ಮಹಡಿ ಮೇಲಿನ ಕಂಪ್ಯೂಟರ್ ಅಂಗಡಿಯಲ್ಲಿದ್ದ ಮೂರ್ನಾಲ್ಕು ಗಿರಾಕಿಗಳು ತಿರುಗಿ ನೋಡಿದರು. ಮೂವತ್ತೊಂದರ ಹೆಂಗಸು, ಮೈಮೇಲೆ ಏರ್‌ಪೋರ್ಟ್ ಸಿಬ್ಬಂದಿಯ ಯೂನಿಫಾರ್ಮ್, ಕೇಳುತ್ತಿರುವುದು ಗೇಮಿಂಗ್ ಕಂಪ್ಯೂಟರ್!

"ಸಾರಿ" ಎಂದ ಅವನು. ಹೆಸರು ದೀಪೇಶ್ ಎಂದು ಅಂಗಿಯ ಮೇಲಿನ ಬ್ಯಾಡ್ಜ್ ಹೇಳುತ್ತಿತ್ತು. "ಎಂತ ಗೇಮ್ ಆಡ್ತೀರಿ?"

"ಲಾರಿ ಓಡಿಸುವುದು."

ಯಾರೋ ಕಿಸಕ್ಕೆಂದರು. ದೀಪೇಶ್ ಮಾತ್ರ ನಗಲಿಲ್ಲ. ಅವಳು ವಿಡಿಯೋಗಳನ್ನು ನೋಡಿ ನೋಡಿ ಬರೆದು ತಂದಿದ್ದ ಚೀಟಿಯನ್ನು ಗಂಭೀರವಾಗಿ ಓದಿದ.

"ಈ ಪ್ರೊಸೆಸರಿಗೂ ಈ ಮದರ್‌ಬೋರ್ಡಿಗೂ ಆಗುವುದಿಲ್ಲ ಮೇಡಂ. ಇದು ಕೂರುವ ಸಾಕೆಟ್ಟೇ ಇದರಲ್ಲಿಲ್ಲ. ಮತ್ತೆ, ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಬೇಕು. ನಿಮ್ಮ ಬಜೆಟಿನಲ್ಲಿ..."

"ನನ್ನ ಬಜೆಟ್ ಕಡಿಮೆ ಅಂತ ಎಲ್ಲರೆದುರು ಹೇಳ್ಬೇಕಾ?"

ಚೀಟಿಯನ್ನು ಅಲ್ಲೇ ಬಿಟ್ಟು ಅವಳು ಧಡಧಡನೆ ಮೆಟ್ಟಿಲಿಳಿದಳು. ಕಣ್ಣು ಯಾಕೆ ತುಂಬಿಕೊಂಡಿತು ಎಂದು ಅವಳಿಗೇ ತಿಳಿಯಲಿಲ್ಲ.

ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಅವನು ಏದುಸಿರು ಬಿಡುತ್ತ ಬಂದ. ಚೀಟಿ ಕೊಟ್ಟು ವಾಪಸ್ಸು ಹೋದ. ಅದರ ಹಿಂಬದಿಯಲ್ಲಿ ಪುಟ್ಟ ಅಕ್ಷರಗಳಿದ್ದವು...

'ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತೆಗೊಳ್ಳಿ. ಲಾರಿ ಚೆಂದ ಓಡ್ತದೆ. ಕಾರ್ಡ್ ಆಮೇಲೆ ಹಾಕ್ಬಹುದು. ಬೋರ್ಡ್ ಮಾತ್ರ ಸ್ವಲ್ಪ ಒಳ್ಳೆಯದಿರಲಿ, ನಾಳೆ ಬೇರೆ ಪ್ರೊಸೆಸರ್ ಹಾಕುವುದಾದ್ರೂ ಅದೇ ಸಾಕು.'

ಮೋಕ್ಷಾ ಅದನ್ನು ಎರಡು ಸಲ ಓದಿದಳು.

*

ಮೋಕ್ಷಾಳಿಗೆ ಬಜಪೆಯ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿ ಕೆಲಸ. ದುಬೈಗೆ, ದಮ್ಮಾಮಿಗೆ ಹೊರಟವರ ಪಾಸ್‌ಪೋರ್ಟ್ ನೋಡಬೇಕು, ಪೆಟ್ಟಿಗೆ ತೂಗಬೇಕು, ನಗಬೇಕು. ದಿನಕ್ಕೆ ಮುನ್ನೂರು ಜನರಿಗೆ 'ಹ್ಯಾಪಿ ಜರ್ನಿ' ಹೇಳಿ ಕದ್ರಿಯ ಬಾಡಿಗೆ ಮನೆಗೆ ಬಂದರೆ, 'ಬಂದೆಯಾ?' ಎನ್ನುವವರು ಒಬ್ಬರೂ ಇಲ್ಲ.

ಎರಡು ವರ್ಷದ ಹಿಂದಿನವರೆಗೆ ಅಮ್ಮ ಇದ್ದಳು. ಬಾಗಿಲು ತೆರೆಯುವ ಮೊದಲೇ ಅವಳ ಮಾತು ಶುರುವಾಗುತ್ತಿತ್ತು. ಮೀನಿನವಳು ಹೇಳಿದ್ದು, ಪಕ್ಕದ ಮನೆಯ ಬೆಕ್ಕು ಮಾಡಿದ್ದು, ಏನಾದರೊಂದು! ಆಗ ಮೋಕ್ಷಾ ರೇಗುತ್ತಿದ್ದಳು. "ಸ್ವಲ್ಪ ಸುಮ್ಮನಿರು ಅಮ್ಮ, ತಲೆ ಸಿಡೀತಾ ಉಂಟು."

ಈಗ ಮನೆ ಪೂರ್ತಿ ಸುಮ್ಮನಿತ್ತು. ಒಂದು ಭಾನುವಾರವಂತೂ ಬೆಳಿಗ್ಗೆಯಿಂದ ಸಂಜೆಯವರೆಗೆ ತಾನು ಒಂದೇ ಒಂದು ಶಬ್ದವನ್ನೂ ಆಡಿಲ್ಲವೆಂದು ಹೊಳೆದಾಗ, ಅವಳು ಹೆದರಿ ಕನ್ನಡಿಯೆದುರು ನಿಂತು ತನ್ನ ಹೆಸರನ್ನೇ ಜೋರಾಗಿ ಹೇಳಿಕೊಂಡಿದ್ದಳು.

ಆಮೇಲೊಮ್ಮೆ ಸಹೋದ್ಯೋಗಿ ಟಾನ್ಯಾಳ ಮನೆಯಲ್ಲಿ ಅವಳ ಗಂಡ ಲಾರಿ ಓಡಿಸುವ ಗೇಮ್ ಆಡುತ್ತಿದ್ದ. ಹೆಡ್‌ಫೋನ್ ಮೋಕ್ಷಾಳ ಕಿವಿಗಿಟ್ಟು, ಕೀಬೋರ್ಡನ್ನೂ ಅವಳಿಗೆ ಬಿಟ್ಟುಕೊಟ್ಟ. ಎಲ್ಲೆಲ್ಲಿಯೋ ಕೂತ ಅಪರಿಚಿತರು ಒಂದೇ ರಸ್ತೆಯಲ್ಲಿ ಲಾರಿ ಓಡಿಸುತ್ತ ಹರಟೆ ಹೊಡೆಯುತ್ತಿದ್ದರು! "ಹೊಸಬರಾ ಅಕ್ಕ? ಬನ್ನಿ, ನಮ್ಮ ಹಿಂದೆಯೇ ಬನ್ನಿ" ಎಂದಿತು ಅವಳ 'ಹಲೋ' ಕೇಳಿದ ಒಂದು ಸ್ವರ. ಅವಳು ಲಾರಿಯನ್ನು ನೇರ ಚರಂಡಿಗಿಳಿಸಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು... ಎಷ್ಟೋ ತಿಂಗಳ ನಂತರ.

ಅವಳಿಗೆ ಕಂಪ್ಯೂಟರ್ ಬೇಕಾದದ್ದು ಅದಕ್ಕೆ.

*

ಮುಂದಿನ ವಾರ ಅವಳು ಮತ್ತೆ ಆ ಮೆಟ್ಟಿಲು ಹತ್ತಿದಳು.

"ಆ ಚೀಟಿಯಲ್ಲಿ ಬರೆದದ್ದು... ಸ್ವಲ್ಪ ಬಿಡಿಸಿ ಹೇಳ್ತೀರಾ?"

ದೀಪೇಶ್ ಸ್ಟೂಲ್ ಎಳೆದು ಕೊಟ್ಟ. ಅವನ ಮಾತು ಕಡಿಮೆ. ಆದರೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರೂ ಬೇಸರವಿಲ್ಲ. ನಾಲ್ಕು ಕೋರ್ ಸಾಕೇ, ಆರು ಬೇಕೇ? ಬೋರ್ಡಿನಲ್ಲಿ ರ್‍ಯಾಮಿಗೆ ಎಷ್ಟು ಜಾಗ? ಒಂದು ಸಂಜೆಗೆ ಮುಗಿಯಬೇಕಾದ ಮಾತು ಮೂರು ವಾರ ನಡೆಯಿತು.

'ಇವತ್ತು ಕೇಳ್ಲಿಕ್ಕೆ ಎಂತ ಉಂಟು?' ಎಂದು ಏರ್‌ಪೋರ್ಟಿನ ಬಸ್ಸಿನಲ್ಲಿ ಕೂತು ಅವಳು ಪ್ರಶ್ನೆ ಹುಡುಕುತ್ತಿದ್ದಳು. ಅವಳು ಬರುವ ಹೊತ್ತಿಗೆ ಅವನು ಸ್ಟೂಲಿನ ಧೂಳು ಒರೆಸಿಟ್ಟಿರುತ್ತಿದ್ದ.

"ಆಡುವುದು ಯಾರೊಟ್ಟಿಗೆ?" ಎಂದು ಅವನೊಮ್ಮೆ ಕೇಳಿದ.

"ಯಾರಾದ್ರೂ ಸಿಗ್ತಾರಲ್ಲ. ಮನೆಯಲ್ಲಿ ನಾನೊಬ್ಬಳೇ. ಅಮ್ಮ ಹೋದ ಮೇಲೆ..." ಮಾತು ಅಲ್ಲಿಗೇ ನಿಂತಿತು.

ಅವನು ಸ್ವಲ್ಪ ಹೊತ್ತು ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದ. "ನಾನೂ ಒಬ್ಬನೇ. ಉಳ್ಳಾಲದಲ್ಲಿ. ಎಂಟು ವರ್ಷ ಬಹರೈನಿನಲ್ಲಿದ್ದೆ. ವಾಪಸ್ ಬರುವಾಗ ಗುರ್ತದವರೆಲ್ಲ ಅವರವರ ಸಂಸಾರದಲ್ಲಿ ಬ್ಯುಸಿ. ಸಂಜೆಗೆ ಕಂಪ್ಯೂಟರೇ ಗತಿ."

ಅಷ್ಟೇ. ಆದರೆ ಆ ದಿನ ಕದ್ರಿಯ ಏರು ಹತ್ತುವಾಗ ಅವಳಿಗೆ ಆಯಾಸವೇ ಆಗಲಿಲ್ಲ.

ಕೊನೆಗೆ ಆರು ಕೋರಿನ ಪ್ರೊಸೆಸರ್, ಅದಕ್ಕೊಂದು ಬೋರ್ಡ್ ಎಂದು ತೀರ್ಮಾನವಾಯಿತು. ತಾನೇ ಜೋಡಿಸುತ್ತೇನೆಂದು ಅವಳ ಹಟ.

"ಜೋಡಿಸಿ. ಆದ್ರೆ ಇವತ್ತು ಬೇಡ, ನಾಳೆ ತೆಗೊಂಡು ಹೋಗಿ" ಎಂದ ಅವನು.

"ಎಂತಕ್ಕೆ?"

"ಸ್ವಲ್ಪ ಕೆಲಸ ಉಂಟು."

*

ಮರುದಿನ ಸಂಜೆ ಅವಳು ಪೆಟ್ಟಿಗೆಗಳನ್ನು ಮನೆಗೆ ತಂದು ಹಾಸಿಗೆಯ ಮೇಲೆ ಹರಡಿದಳು. ಮದರ್‌ಬೋರ್ಡಿನ ಪೆಟ್ಟಿಗೆ ಎತ್ತಿದವಳ ಕೈ ತಡೆಯಿತು.

ಸೀಲ್ ಒಡೆದಿತ್ತು! ಮೇಲಿಂದ ಪಾರದರ್ಶಕ ಟೇಪ್ ಅಂಟಿಸಲಾಗಿತ್ತು. ಒಳಗೆ, ಪ್ರೊಸೆಸರ್ ಕೂರುವ ಜಾಗದ ಅಂಚಿನಲ್ಲಿ ಪ್ರೊಸೆಸರಿಗೂ ಫ್ಯಾನಿಗೂ ನಡುವೆ ಹಚ್ಚುವ ಬೂದು ಬಣ್ಣದ ಪೇಸ್ಟಿನ ಸಣ್ಣ ಕಲೆ.

ಟಾನ್ಯಾಳಿಗೆ ಫೋಟೋ ಕಳಿಸಿದಳು. "ಗಂಡನ ಹತ್ರ ಕೇಳಿದೆ. ಯಾರೋ ಬಳಸಿ ಬಿಟ್ಟದ್ದಂತೆ. ಮೋಸ ಹೋದೆ ಮಾರಾಯ್ತಿ!" ಎಂದು ಉತ್ತರ ಬಂತು.

ಮೋಕ್ಷಾ ಪೆಟ್ಟಿಗೆಯನ್ನು ಮತ್ತೆ ಮುಚ್ಚಿದಳು. ಅಂದರೆ... ಆ ಸ್ಟೂಲು, ಆ ತಾಳ್ಮೆ, 'ನಾನೂ ಒಬ್ಬನೇ' ಎಂದದ್ದು... ಎಲ್ಲ ವ್ಯಾಪಾರವೇ?

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಲೇ ಅವಳು ಆ ಪೆಟ್ಟಿಗೆ ಹಿಡಿದು ನುಗ್ಗಿದಳು. ಮಾಲೀಕ ಉಮರಬ್ಬ ಇನ್ನೂ ಬಂದಿರಲಿಲ್ಲ. ದೀಪೇಶ್ ಅವಳನ್ನು ಕಂಡು ಮುಗುಳ್ನಕ್ಕ. ಅದು ಅವಳನ್ನು ಇನ್ನಷ್ಟು ಉರಿಸಿತು.

"ಹಳೇ ಬೋರ್ಡ್ ದಾಟಿಸಿಬಿಟ್ರಲ್ಲ!" ಪೆಟ್ಟಿಗೆಯನ್ನು ಅವನ ಮುಂದೆ ಕೌಂಟರಿನ ಮೇಲೆ ಎಸೆದಳು.

"ಅಲ್ಲ, ಅದು ನಾನು..."

"ಎಂತ ಅಲ್ಲ? ಮನೆಯಲ್ಲಿ ಒಬ್ಬಳೇ ಅಂತ ನಾನೇ ಹೇಳಿದ್ದೆ. ಕೇಳ್ಲಿಕ್ಕೆ ಯಾರೂ ಇಲ್ಲ ಅಂತ ಗೊತ್ತಿದ್ದೇ ಮಾಡಿದ್ದಲ್ವಾ?"

ಅವನ ಮುಖದ ಬಣ್ಣ ಇಳಿಯಿತು. ಕಪಾಟಿನಿಂದ ಸೀಲ್ ಒಡೆಯದ ಇನ್ನೊಂದು ಪೆಟ್ಟಿಗೆ ತೆಗೆದು ಅವಳ ಮುಂದಿಟ್ಟ.

"ಇದು ಆನ್ ಆಗ್ಲಿಕ್ಕಿಲ್ಲ..." ಎಂದ ಮೆಲ್ಲಗೆ.

"ಶಾಪ ಹಾಕ್ತೀರಾ?"

ಅವಳು ಪೆಟ್ಟಿಗೆ ಕಸಿದುಕೊಂಡು ಹೊರಟುಬಿಟ್ಟಳು.

*

ಜೋಡಿಸಲು ಒಂದು ಇಡೀ ರಜಾದಿನ ಹಿಡಿಯಿತು. ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು! ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದಳು. ಅದೇ ಕಪ್ಪು. ಅದರಲ್ಲಿ ಕಂಡದ್ದು ಅವಳದೇ ಮುಖ.

ಅವನಿಗೆ ಫೋನ್ ಮಾಡಲು ಬೆರಳು ಹೋಯಿತು. ಸ್ವಾಭಿಮಾನ ತಡೆಯಿತು. ಎರಡು ದಿನ ತಡೆದು, ಬೋರ್ಡ್ ಮತ್ತು ಪ್ರೊಸೆಸರನ್ನು ಚೀಲಕ್ಕೆ ಹಾಕಿ ಕಂಕನಾಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ವಿಲ್ಲಿ ಎಂಬ ಹಿರಿಯರ ಬಳಿ ಹೋದಳು.

ವಿಲ್ಲಿ ಕನ್ನಡಕ ಮೇಲೇರಿಸಿ ನೋಡಿದರು. "ಎಂತದೂ ಹಾಳಾಗ್ಲಿಲ್ಲ ಬಾಯಮ್ಮ. ಬೋರ್ಡ್ ಹಳೇ ಸ್ಟಾಕ್, ಪ್ರೊಸೆಸರ್ ಆಮೇಲೆ ಬಂದದ್ದು. ಅದಕ್ಕೆ ಇದರ ಗುರ್ತ ಇಲ್ಲ. ಪೆಟ್ಟಿಗೆ ಒಡೆದು, ಮೊದಲೊಂದು ಹಳೇ ಪ್ರೊಸೆಸರ್ ಕೂರಿಸಿ, ಬೋರ್ಡಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡ್ಬೇಕು. ಆಮೇಲೆ ನಿಮ್ಮದು ಹಾಕಿದ್ರೆ ಆನ್ ಆಗ್ತದೆ. ಕೊಟ್ಟವ ಮಾಡಿ ಕೊಡ್ಲಿಲ್ವಾ?"

ಮೋಕ್ಷಾ ಬೋರ್ಡನ್ನೂ ಪ್ರೊಸೆಸರನ್ನೂ ಮೆಲ್ಲಗೆ ಚೀಲಕ್ಕೆ ತುಂಬಿಕೊಂಡಳು.

'ಮಾಡಿಯೇ ಕೊಟ್ಟಿದ್ದ... ನಾನೇ ಅದನ್ನು ಅವನ ಮುಖಕ್ಕೆ ಎಸೆದು ಬಂದೆ!'

*

ಚೀಲ ಹಿಡಿದು ನೇರ ಹಂಪನಕಟ್ಟೆಗೆ ಬಂದರೆ, ಅಂಗಡಿಯಲ್ಲಿ ದೀಪೇಶ್ ಇರಲಿಲ್ಲ. ಉಮರಬ್ಬ ಅವಳನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಮೂರು ದಿನ ಆಯ್ತು ಬರ್ಲಿಲ್ಲ. ಜ್ವರ ಅಂತ ಹೇಳಿದ. ಎಂತ ಜ್ವರ ಅಂತ ನನಗೆ ಗೊತ್ತುಂಟು."

"ನಾನು... ತಪ್ಪು ತಿಳ್ಕೊಂಡೆ ಸಾಹೇಬ್ರೇ."

"ಮಗಳೇ, ಹಳೇ ಪ್ರೊಸೆಸರ್ ಅಂಗಡಿಯಲ್ಲಿ ಇರ್ಲಿಲ್ಲ. ಅವನು ಅವನ ಮನೆಯ ಕಂಪ್ಯೂಟರಿಂದ ಬಿಚ್ಚಿ ತಂದದ್ದು. ಅಪ್‌ಡೇಟ್ ಮಾಡಿ ತೆಗೆಯುವಾಗ ಫ್ಯಾನಿಗೆ ಅಂಟಿ ಎದ್ದು ಬಂತು, ಪಿನ್ನೆಲ್ಲ ಬಗ್ಗಿ ಹೋಯ್ತು. ನಿಮಗೆ ಹೇಳ್ಬಾರ್ದು ಅಂತ ಬೇರೆ ಹೇಳಿದ್ದಾನೆ!"

ವಿಳಾಸ ಬರೆದುಕೊಂಡು ಅವಳು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಳ್ಳಾಲದ ಬಸ್ಸು ಹತ್ತಿದಳು. ನೇತ್ರಾವತಿ ಸೇತುವೆ ದಾಟುವಾಗ ಹೊಳೆಯ ಮೇಲೆ ನಾಲ್ಕು ಗಂಟೆಯ ಬಿಸಿಲು. ಎಂಟು ವರ್ಷ ಹೊರಗಿದ್ದು ಬಂದವನಿಗೆ ಸಂಜೆಗೆ ಇದ್ದದ್ದು ಒಂದೇ ಜೊತೆ. ಅದನ್ನೂ ತನಗಾಗಿ ಬಿಚ್ಚಿದ್ದ. ಮುಖ ತೋರಿಸುವುದು ಹೇಗೆ?

ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿನಲ್ಲಿ ದೀಪೇಶ್ ಬಗ್ಗಿ ಕೂತು, ಸೂಜಿಯಿಂದ ಪ್ರೊಸೆಸರಿನ ಬಗ್ಗಿದ ಪಿನ್ನನ್ನು ನೆಟ್ಟಗೆ ಮಾಡಲು ನೋಡುತ್ತಿದ್ದ. ಪಕ್ಕದಲ್ಲಿ ಹೊಟ್ಟೆ ತೆರೆದು ಬಿದ್ದ ಅವನ ಕಂಪ್ಯೂಟರ್. ಮುಚ್ಚಳ ಹಾಕಿದ ಒಂದು ಊಟದ ಪಾರ್ಸೆಲ್. ಒಂದೇ ಕುರ್ಚಿ.

ಅವಳ ನೆರಳು ಬಿದ್ದು ಅವನು ತಲೆಯೆತ್ತಿದ.

"ನೀವು...!"

"ಆನ್ ಆಗ್ಲಿಲ್ಲ" ಎಂದಳು ಮೋಕ್ಷಾ. "ಅಷ್ಟು ಬೈಯುವಾಗ ಒಂದು ಮಾತು ಹೇಳ್ಬಹುದಿತ್ತಲ್ಲ?"

ಅವನು ಸೂಜಿ ಕೆಳಗಿಟ್ಟ. "ಬೋರ್ಡಿನ ವಿಷಯ ಹೇಳ್ಬಹುದಿತ್ತು. ನೀವು ಒಬ್ಬರೇ ಇದ್ದೀರಿ ಅಂತ ಮೋಸ ಮಾಡಿದೆ ಅಂದ್ರಿ ನೋಡಿ... ಅದಕ್ಕೆ ಉತ್ತರ ಸಿಗ್ಲಿಲ್ಲ. ನೀವು ಒಬ್ಬರೇ ಅಂತಲೇ ಅಷ್ಟೆಲ್ಲ ಮಾಡಿದ್ದು."

ಮೋಕ್ಷಾ ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. ಅಮ್ಮ ಹೋದಾಗಲೂ ಹೀಗೆ ಅತ್ತಿರಲಿಲ್ಲ. ಅವನು ಗಾಬರಿಯಾಗಿ ನೀರು ತಂದ. ಏನು ಮಾಡುವುದೆಂದು ತಿಳಿಯದೆ ತಾನೂ ಎದುರು ನೆಲದ ಮೇಲೆಯೇ ಕೂತ.

"ಕ್ಷಮಿಸಿ ದೀಪೇಶ್. ಅಂಗಡಿಯಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ. ಅದೇ ಅಂಗಡಿಗೆ ಬಂದು, ಎಲ್ಲರೆದುರೇ ತಪ್ಪಾಯ್ತು ಅಂತಲೂ ಹೇಳ್ತೇನೆ."

"ಬೇಡ ಮಾರಾಯ್ರೇ. ಬನ್ನಿ, ಅಷ್ಟು ಸಾಕು."

ಅವನೆದ್ದು ಕಪಾಟಿನಿಂದ ಟೇಪ್ ಅಂಟಿಸಿದ ಆ ಹಳೆಯ ಪೆಟ್ಟಿಗೆ ತಂದ. "ನಿಮ್ಮ ಬೋರ್ಡ್. ಬೇರೆಯವರಿಗೆ ಮಾರ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಚಾಪೆ ಹಾಸಿ ಇಬ್ಬರೂ ಕೂತರು. ಅವಳ ಚೀಲದಲ್ಲಿದ್ದ ಹೊಸ ಪ್ರೊಸೆಸರನ್ನು ಅವಳೇ ಇಡಲೆಂದು ಅವನು ಕೈ ಹಿಂದಕ್ಕೆಳೆದುಕೊಂಡ. ಚಿಕ್ಕ ತ್ರಿಕೋನ ಗುರುತು ನೋಡಿ ಅವಳು ಕೂರಿಸಿದಳು. ಅವನದೇ ರ್‍ಯಾಮ್, ಅವನದೇ ಪರದೆ. ಸ್ವಿಚ್ ಒತ್ತುವಾಗ ಅವಳು ಕಣ್ಣು ಮುಚ್ಚಿಕೊಂಡಳು.

"ನೋಡಿ" ಎಂದ ಅವನು.

ಪರದೆ ಬೆಳಗಿತ್ತು!

ದೂರದಲ್ಲಿ ಕಡಲಿನ ಸದ್ದು. ಅವಳು ಅಲ್ಲಿಂದ ಏಳಲಿಲ್ಲ. ಅವನು ಏಳಿ ಎನ್ನಲೂ ಇಲ್ಲ.

"ನಿಮ್ಮದು ಸರಿಯಾಗ್ತದಾ?" ಎಂದಳು, ಬಗ್ಗಿದ ಪಿನ್ನುಗಳ ಕಡೆ ನೋಡಿ.

"ಕಷ್ಟ. ಎರಡು ಮುರಿದೇ ಹೋಗಿವೆ. ಹೋಗ್ಲಿ ಬಿಡಿ."

"ಹಾಗಾದ್ರೆ ಇದು ಇಲ್ಲೇ ಇರ್ಲಿ. ನಾನು ಬರ್ತೇನೆ."

"ಕದ್ರಿಯಿಂದ? ಗೇಮ್ ಆಡ್ಲಿಕ್ಕೆ?"

"ಗೇಮಿಗಲ್ಲ." ಈ ಸಲ ಅವಳು ಮಾತನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. "ನನ್ನ ಹತ್ರ ಪ್ರಶ್ನೆಗಳೆಲ್ಲ ಎಂದೋ ಮುಗಿದಿದ್ವು ದೀಪೇಶ್. ಆದ್ರೂ ಬರ್ತಾ ಇದ್ದೆ. ನೀವಿದ್ದೀರಿ ಅಂತ."

ದೀಪೇಶ್ ಅವಳನ್ನೇ ನೋಡಿದ. ಪೇಸ್ಟ್ ಅಂಟಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ಬಹಳ ಅಳುಕಿನಿಂದ ಅವಳ ಕೈ ಹಿಡಿದ.

"ನಾನು ಮಾತು ಕಡಿಮೆ ಆಡುವವ ಮೋಕ್ಷಾ. ನಿನಗೆ ಬೇಜಾರಾದೀತು."

ನೀವು ಹೋಗಿ ನೀನು ಆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಗೊತ್ತಾಯಿತು.

"ಬಂದಾಗ 'ಬಂದೆಯಾ' ಅಂತ ಕೇಳಿದ್ರೆ ಸಾಕು."

"ದಿನಾ ಕೇಳ್ತೇನೆ" ಎಂದ ಅವನು.