ಹೊಳೆಯದ ಗಡಿಯಾರ

ಸೂರ್ತಿ ಹಿತ್ತಲ ಬಾಗಿಲಿನಿಂದ ಒಳಬಂದಾಗ ಅತ್ತೆ ಮೊಳಕೆಕಾಳಿನ ಬಾಲ ಚಿವುಟುತ್ತಿದ್ದರು.

"ನಾನು ಕದ್ದಿಲ್ಲಮ್ಮಾ. ನಾಳೆ ನನ್ನನ್ನ ಮೇದಾನ್‌ಗೆ ವಾಪಸ್ ಕಳಿಸ್ತಾರಂತೆ. ಚೀಲ ಕಟ್ಟಿ ಬಾಗಿಲಲ್ಲಿಟ್ಟಿದಾರೆ. ಕಳ್ಳಿ ಅಂತ ಅನ್ನಿಸ್ಕೊಂಡು ಊರಿಗೆ ಹೆಂಗೆ ಹೋಗ್ಲಿ?"

ಪಕ್ಕದ ಮನೆಯ ಖೂ ತೇಕ್ ಹಾಕ್ ಅವರನ್ನು ನೋಡಿಕೊಳ್ಳಲು ಇಂಡೋನೇಷ್ಯಾದಿಂದ ಬಂದ ಹೆಂಗಸು ಅವಳು. ಲಕ್ವಾ ಹೊಡೆದ ಮೇಲೆ ಆ ಹಿರಿಯರಿಗೆ ಮಾತಿರಲಿಲ್ಲ. ಜೀವಮಾನವಿಡೀ ಹುಡುಕಿ ಕೊಂಡ ಐದು ಹಳೆಯ ಚಿನ್ನದ ಕೈಗಡಿಯಾರಗಳನ್ನು ನೋಡುವುದೊಂದೇ ಅವರಿಗೆ ಉಳಿದಿದ್ದ ಸುಖ.

ಅತ್ತೆ ಮಲೇಷ್ಯಾದ ಪೆನಾಂಗ್ ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದವರು. ಸುಳ್ಳು ಯಾವ ಭಾಷೆಯಲ್ಲಾದರೂ ಒಂದೇ ಥರ ಕೆಮ್ಮುತ್ತದೆ ಎನ್ನುತ್ತಿದ್ದರು. ಬೀದಿಯವರ ಒಗಟುಗಳೆಲ್ಲ ಅವರ ಅಡುಗೆಮನೆಗೇ ಬರುತ್ತಿದ್ದವು. ಅವರ ಮಗನಾದ ನನ್ನ ಗಂಡ ತೀರಿಹೋದ ಮೇಲೆ ನಾನು ಅವರ ಜೊತೆಗೇ ಉಳಿದಿದ್ದೆ. ಕರೆದಲ್ಲಿಗೆ ಹೋಗುತ್ತಿದ್ದೆ, ನಗುವುದು ಮಾತ್ರ ಮರೆತೇಹೋಗಿತ್ತು.

ಪಕ್ಕದ ಮನೆಗೆ ಹೋಗಿ ನೋಡಿದರೆ, ಮಖಮಲ್ಲಿನ ತಟ್ಟೆಯಲ್ಲಿ ನಾಲ್ಕು ಗಡಿಯಾರಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಐದನೆಯದರ ಜಾಗದಲ್ಲಿ ಹತ್ತು ಸೆನ್ನಿನ ಒಂದು ನಾಣ್ಯವಿತ್ತು.

"ನೋಡಿ ಆಂಟಿ, ಕದ್ದಿದ್ದೂ ಅಲ್ದೆ ಗೇಲಿ ಬೇರೆ!" ಎಂದಳು ಹಿರಿಯರ ಮಗಳು ಸ್ಯೂ ಹೂನ್. "ಅಪ್ಪನ ಹುಟ್ಟುಹಬ್ಬಕ್ಕೆ ಎಲ್ಲಕ್ಕೂ ಪಾಲಿಶ್ ಮಾಡಿಸ್ತಿದ್ದೆ. ಅದೊಂದು ಉಳಿದಿತ್ತು. ಮಂಕು ಬಡಿದು, ಮುಖವೆಲ್ಲ ಹಳದಿ. ಅಂಗಡಿಗೆ ಕೊಡೋಣ ಅಂತ ಬೀರು ತೆಗೆದ್ರೆ ಇಲ್ಲ!"

"ಬೀರುವಿನ ಬೀಗದಕೈ?"

"ಆ ಮೊಳೇಲಿರುತ್ತೆ. ಮನೆಯವರಿಗೆಲ್ಲ ಗೊತ್ತು."

ಮನೆಯವರೆಂದರೆ ಅವಳು, ಸೂರ್ತಿ, ಮತ್ತು ಮಹಡಿಯ ಕೋಣೆಯಲ್ಲಿ ವಾಸವಿದ್ದ ಅವಳ ಚಿಕ್ಕಪ್ಪನ ಮಗ ಬೂನ್ ಕಿಯಟ್. ಅವನು ದೊಡ್ಡಪ್ಪನ ಮಂಚದ ಪಕ್ಕದಲ್ಲಿ ಮಣಿಕಟ್ಟಿನ ದೇವರ ಕೆಂಪು ದಾರ ತಿರುವುತ್ತ ಕೂತಿದ್ದ. ಅತ್ತೆ ತಟ್ಟೆಯನ್ನು ಹಿರಿಯರ ಎದುರು ಹಿಡಿದರು. ಅವರು ಮುಖ ತಿರುಗಿಸಿಕೊಂಡರು.

ಅತ್ತೆ ಎಲ್ಲರನ್ನೂ ಆ ಮಂಚದ ಸುತ್ತ ಕೂರಿಸಿದರು.

"ಸೂರ್ತಿ, ಯಾರಾದ್ರೂ ನಿಂಗೆ ಗಡಿಯಾರ ಉಡುಗೊರೆ ಕೊಟ್ರೆ ಏನ್ಮಾಡ್ತೀಯ?"

"ಇನ್ನೇನಮ್ಮಾ, ಕಟ್ಕೋತೀನಿ."

"ನಾವು ಹೊಕ್ಕಿಯನ್ ಚೀನೀಯರು ಹಂಗೆ ಕಟ್ಕೊಳ್ಳಲ್ಲ. ಪುಕ್ಕಟೆ ಬಂದ ಗಡಿಯಾರದ ಹಿಂದೆ ಸಾವೂ ಬರುತ್ತೆ ಅಂತ ಭಯ. ಒಂದು ನಾಣ್ಯ ಕೊಟ್ಟು, ಕೊಂಡಂಗೆ ಮಾಡ್ಕೋತೀವಿ. ಇದು ಗೇಲಿಯಲ್ಲ, ಹೆದರಿಕೆ. ಸೂರ್ತಿಗೆ ಆ ಹೆದರಿಕೇನೇ ಇಲ್ಲ."

"ಹಂಗಾದ್ರೆ ನಾನು ಕದ್ದೆ ಅಂತೀರಾ?" ಎಂದಳು ಸ್ಯೂ ಹೂನ್.

"ನೀನಾಗಿದ್ರೆ ಹೊಳೆಯೋದನ್ನ ತಗೋತಿದ್ದೆ ಕಣೇ. ಹಳೇ ಗಡಿಯಾರ ಬಲ್ಲವರಿಗೆ ಹೊಳಪು ಬೇಡ. ಕಾರ್ಖಾನೆ ಬಿಟ್ಟಾಗಿನ ಅಂಚು ಹಂಗೇ ಇರ್ಬೇಕು, ಮುಖಕ್ಕೆ ತಾನಾಗೇ ವಯಸ್ಸಾಗಿರ್ಬೇಕು. ಉಜ್ಜಿಸಿದ್ರೆ ಚಿನ್ನ ಉಳಿಯುತ್ತೆ, ಗಡಿಯಾರ ಹೋಗುತ್ತೆ. ನೀನು ನಾಲ್ಕನ್ನ ಕೊಂದೆ. ನಿಮ್ಮಪ್ಪ ಮುಖ ತಿರುಗಿಸಿದ್ದು ಅದಕ್ಕೇ. ಐದನೇದಾದ್ರೂ ಬದುಕ್ಲಿ ಅಂದ್ಕೊಂಡವನು, ಸಾವಿಗೆ ಹೆದರಿ ಕೈಗೆ ದಾರ ಕಟ್ಕೊಂಡವನು ಈ ಮನೇಲಿ ಒಬ್ಬನೇ."

ಬೂನ್ ಕಿಯಟ್ ಜೇಬಿನಿಂದ ಕಾಲುಚೀಲವೊಂದನ್ನು ತೆಗೆದ. ಗಡಿಯಾರ ಅದರೊಳಗಿತ್ತು.

"ಅಕ್ಕಂಗೆ ಎಷ್ಟೋ ಹೇಳ್ದೆ, ನಕ್ಕುಬಿಟ್ಳು. ಸೂರ್ತಿ ತಲೆ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ಚೀಲ ಬಾಗಿಲಲ್ಲೇ ಇತ್ತಲ್ಲೋ. ದಾಟ್ಕೊಂಡೇ ಓಡಾಡಿದ್ಯಲ್ಲ?" ಎಂದರು ಅತ್ತೆ.

ಅವನು ಎದ್ದು ಸೂರ್ತಿಯ ಮುಂದೆ ತಲೆ ತಗ್ಗಿಸಿ ನಿಂತ. ಆಮೇಲೆ ಗಡಿಯಾರವನ್ನು ದೊಡ್ಡಪ್ಪನ ಎದೆಯ ಮೇಲಿಟ್ಟ.

ಅತ್ತೆ ಆ ನಾಣ್ಯವನ್ನು ಹಿರಿಯರ ಅಂಗೈಯಲ್ಲಿಟ್ಟರು. ಅವರು ಗಡಿಯಾರದ ಆ ಹಳದಿ ಮುಖವನ್ನು ತುಂಬ ಹೊತ್ತು ನೋಡಿದರು. ಬೆರಳುಗಳು ನಿಧಾನವಾಗಿ ನಾಣ್ಯದ ಮೇಲೆ ಮುಚ್ಚಿಕೊಂಡವು. ವ್ಯಾಪಾರ ಒಪ್ಪಿಗೆಯಾಗಿತ್ತು; ಗಡಿಯಾರ ಇನ್ನು ಬೂನ್ ಕಿಯಟ್‌ನದು.

ಸ್ಯೂ ಹೂನ್ ಕಣ್ಣೊರೆಸಿಕೊಂಡಳು. "ಆಯ್ತು ಬಿಡಿ. ಸೂರ್ತಿ, ಎಲ್ರಿಗೂ ಕಾಫಿ ಮಾಡು."

ಸೂರ್ತಿ ಕೂತಲ್ಲಿಂದ ಏಳಲಿಲ್ಲ.

"ಮೊದ್ಲು ನನ್ನ ಚೀಲ ಬಿಚ್ಚಿಡಿ. ಕಟ್ಟಿದ್ದು ನೀವೇ ಅಲ್ವಾ?"

ಅತ್ತೆ ಜೋರಾಗಿ ನಕ್ಕರು. ನಾನೂ ನಕ್ಕೆನಂತೆ. ಮನೆಗೆ ಬಂದ ಮೇಲೆ ಅವರೇ ಹೇಳಿದರು.