ನೋವಿಲ್ಲದ ಮಧ್ಯಾಹ್ನ

ಅಕ್ಕನನ್ನು ಕರೆದರೆ ಗಂಡ ಬಂದಿದ್ದ.

ಅದೂ, ಎರಡು ವರ್ಷದ ಹಿಂದೆ ಬಿಟ್ಟುಹೋದ ಗಂಡ!

ಇಟಲಿಯ ಟುರಿನ್ ನಗರದ ಆಸ್ಪತ್ರೆಯ ಬೆಂಚಿನಲ್ಲಿ ಮಿರೆಲ್ಲಾ ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. ಬೆನ್ನಿಗೆ ಇಂಜೆಕ್ಷನ್ ಆದಮೇಲೆ ಒಬ್ಬಳೇ ಮನೆಗೆ ಹೋಗುವಂತಿಲ್ಲ ಎಂದಿದ್ದರು.

"ನಿಮ್ಮಕ್ಕ ಪಿನಾಗೆ ಅಂಗಡಿ ಬಿಟ್ಟು ಬರೋಕೆ ಆಗ್ಲಿಲ್ವಂತೆ," ಎಂದ ದಾರಿಯೊ.

"ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ನಿನಗೂ ಬರಲ್ಲ."

ಇವನೆದುರು ಮಾತ್ರ ನರಳಬಾರದು... ಈ ನರಳಿಕೆಯನ್ನೇ ಅಲ್ಲವೇ ಇವನು ನಾಟಕ ಅಂದಿದ್ದು?

ಹಾಸಿಗೆ ಹಿಡಿದ ಮಾವನನ್ನು ಎತ್ತಿ ಕೂರಿಸಲು ಅವಳಿಂದ ಆಗುತ್ತಿರಲಿಲ್ಲ. ಎಕ್ಸ್‌ರೇ ನೋಡಿದ ಅಂದಿನ ಡಾಕ್ಟರು, ಮೂಳೆ ಹುಟ್ಟಿನಿಂದ ಸ್ವಲ್ಪ ಬೇರೆ ಥರ ಇದೆ, ಎಷ್ಟೋ ಜನಕ್ಕಿರುತ್ತೆ, ಅದರಿಂದ ಏನೂ ಆಗಲ್ಲ ಎಂದಿದ್ದರು. ದಾರಿಯೊಗೆ ಅಷ್ಟೇ ಸಾಕಾಯಿತು. ಮಾವನನ್ನು ಮಣ್ಣು ಮಾಡಿ ಬಂದ ಸಂಜೆ, "ನಮ್ಮಪ್ಪನ್ನ ಮುಟ್ಟೋಕೆ ನಿನಗೆ ಹೇಸಿಗೆ," ಎಂದವನು ಬಟ್ಟೆ ತುಂಬಿಕೊಂಡು ಹೊರಟುಬಿಟ್ಟಿದ್ದ.

ಇಂದಿನ ಡಾಕ್ಟರಮ್ಮ ಅದೇ ಮೂಳೆಯ ಚಿತ್ರವನ್ನು ಇಬ್ಬರಿಗೂ ತೋರಿಸಿದರು. ಸೊಂಟದ ಕೊನೆಯ ಮೂಳೆಗೆ ಎಡಗಡೆ ರೆಕ್ಕೆಯಂತೆ ಅಗಲವಾದ ತುದಿ. ಅದು ಕೆಳಗಿನ ಮೂಳೆಗೆ ಉಜ್ಜುತ್ತಿರಬಹುದು. ಅಲ್ಲಿಗೇ ಮರಗಟ್ಟಿಸುವ ಮದ್ದು ಕೊಟ್ಟಾಗ ನೋವು ನಿಂತರೆ, ನೋವು ಅಲ್ಲಿಂದಲೇ. ಮದ್ದಿನ ಗುಣ ಸಂಜೆಗೆ ಇಳಿಯುತ್ತದೆ, ಮುಂದಿನ ಚಿಕಿತ್ಸೆ ಆಮೇಲೆ ಎಂದರು.

ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಮಿರೆಲ್ಲಾ ಮಂಚದ ಅಂಚಿನಲ್ಲಿ ಕೂತು, ಬಗ್ಗಿ, ಬಲಗಾಲಿನ ಶೂ ದಾರ ತಾನೇ ಕಟ್ಟಿಕೊಂಡಳು.

ನೋವಿರಲಿಲ್ಲ.

ದಾರಿಯೊ ಆ ಕೈಗಳನ್ನೇ ನೋಡುತ್ತಿದ್ದ. ಒಂದು ಕಾಲದಲ್ಲಿ ದಿನಾ ಬೆಳಿಗ್ಗೆ, "ಮಹಾರಾಣಿಯವರ ಪಾದ ಇತ್ತ ಬರಲಿ," ಎಂದು ಅಣಕಿಸುತ್ತ ಆ ದಾರ ಕಟ್ಟುತ್ತಿದ್ದವನು ಅವನು.

ಅವಳಿಗೆ ಅಳು ಬಂತು. "ಆಗಲೇ ಗೊತ್ತಾಗಿದ್ರೆ... ಮಾವನ್ನ ನಾನು ಎತ್ತಬಹುದಿತ್ತೇನೋ."

"ಅಪ್ಪನಿಗೆ ಗೊತ್ತಿತ್ತು, ಮಿರೆಲ್ಲಾ."

ಅವಳು ತಲೆ ಎತ್ತಿದಳು.

"ಎತ್ತೋಕೆ ನಾನು ನಿನ್ನ ಕರೆದಾಗೆಲ್ಲ ಅಪ್ಪ ನನ್ನ ಕೈ ಹಿಡ್ಕೊಂಡು ಹೇಳೋರು. ಬೇಡ ಕಣೋ, ಆ ಹುಡುಗಿ ಸೊಂಟ ನನ್ನದಕ್ಕಿಂತ ಮುದಿ, ಅಂತ. ನಾನು ನಿನಗೆ ಹೇಳಲೇ ಇಲ್ಲ."

"ಯಾಕೆ?"

"ಹೇಳಿದ್ರೆ ನಾನೂ ನಂಬಬೇಕಾಗ್ತಿತ್ತು. ಅಪ್ಪನ್ನ ನೋಡ್ಕೊಂಡು ನನಗೆ ಸಾಕಾಗಿಹೋಗಿತ್ತು. ಯಾರ ಮೇಲಾದ್ರೂ ಸಿಟ್ಟು ಮಾಡ್ಕೋಬೇಕಿತ್ತು."

ಒಬ್ಬರು ನಂಬಿದ್ದರು! ಅದು ತಿಳಿಯದೆ ಎರಡು ವರ್ಷ ತನ್ನನ್ನೇ ತಾನು ಅನುಮಾನಿಸಿದ್ದಳಲ್ಲ...

"ಇಂಜೆಕ್ಷನ್ ಹೇಳಿದ ಮೇಲೆ ನಂಬೋದು ಸುಲಭ, ದಾರಿಯೊ."

ಅವನು ಮೊಣಕಾಲೂರಿ ಅವಳ ಎಡಗಾಲಿನ ಶೂಗೆ ಕೈ ಹಾಕಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಇವತ್ತು ಬೇಡ. ಇವತ್ತು ನನಗೇ ಆಗುತ್ತೆ."

ನಿಧಾನವಾಗಿ ಬಗ್ಗಿ, ಆ ದಾರವನ್ನೂ ತಾನೇ ಕಟ್ಟಿಕೊಂಡಳು. ಅವನು ನೆಲದ ಮೇಲೇ ಇದ್ದ.

"ನಾಳೆ ಹೊತ್ತಿಗೆ ನೋವು ವಾಪಸ್ ಬಂದಿರುತ್ತೆ," ಎಂದಳು. "ಆಗ ಬಾ."

"ಎಷ್ಟು ಹೊತ್ತಿಗೆ?"

"ನಾನು ಶೂ ಹಾಕ್ಕೊಳ್ಳೋ ಹೊತ್ತಿಗೆ. ನಿನಗೆ ಗೊತ್ತಲ್ಲ."